ನಿಮಗಿದು ಗೊತ್ತೇ? ಅಂಗೈ ಕಂಪ್ಯೂಟರುಗಳ ಕಾಳಗ, ಕತಾರಿನಿಂದ ಕಂಡಂತೆ

ಒಂದು ಮೊಬೈಲ್ ನಂಬರಿಗೆ ಒಂದು ಕೋಟಿ ರಿಯಾಲ್ ಕೊಟ್ಟವರಿದ್ದಾರೆ, ಗೊತ್ತೇ? 2006ರ ಮೇ ತಿಂಗಳಲ್ಲಿ ಕತಾರಿನಲ್ಲಿ ನಡೆದ ಹರಾಜಿನಲ್ಲಿ 666 6666 ಎಂಬ ಸಂಖ್ಯೆ ಮಾರಾಟವಾದದ್ದು ಈ ಬೆಲೆಗೆ. ಆಗಿನ ಲೆಕ್ಕದಲ್ಲಿ ಅದು ಹನ್ನೆರಡು ಕೋಟಿ ರೂಪಾಯಿಗೂ ಹೆಚ್ಚು. ಹಣ ದತ್ತಿ ಕಾರ್ಯಕ್ಕೆ ಹೋಯಿತು, ಸಂಖ್ಯೆ ಗಿನ್ನೆಸ್ ದಾಖಲೆಗೆ ಸೇರಿತು. 2010ರ ಜುಲೈಯಲ್ಲಿ ಕತಾರ್ ತನ್ನ ಏಳಂಕಿಯ ನಂಬರುಗಳನ್ನೆಲ್ಲ ಎಂಟಂಕಿಗೆ ಏರಿಸಿತು. ಪ್ರತಿ ನಂಬರಿನ ಮೊದಲ ಅಂಕಿಯನ್ನೇ ಇನ್ನೊಮ್ಮೆ ಒತ್ತಬೇಕು, ಅಷ್ಟೇ. ಹಾಗಾಗಿ ಆ ಕೋಟಿ ಬೆಲೆಯ ನಂಬರಿಗೆ ಇನ್ನೊಂದು ಆರು ತಾನಾಗಿಯೇ ಬಂದು ಕೂತಿತು.

ಆ ಹರಾಜಿನ ದಿನ ಐಫೋನ್ ಇನ್ನೂ ಹುಟ್ಟಿರಲಿಲ್ಲ. ಆಂಡ್ರಾಯ್ಡ್ ಎಂಬ ಪುಟ್ಟ ಕಂಪನಿಯನ್ನು ಗೂಗಲ್ ಕೊಂಡು ಒಂದು ವರ್ಷವೂ ತುಂಬಿರಲಿಲ್ಲ. ಅಂಗೈಯಗಲದ ಕಂಪ್ಯೂಟರನ್ನು ನಡೆಸುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ, ಚಿಕ್ಕದಾಗಿ ಓಎಸ್ ಎನ್ನುತ್ತೇವಲ್ಲ, ಆ ಕಣದಲ್ಲಿ ಆಗ ಇದ್ದ ಪೈಲ್ವಾನರು ಬೇರೆಯೇ: ನೋಕಿಯಾ ಫೋನುಗಳ ಸಿಂಬಿಯನ್, ಮೈಕ್ರೋಸಾಫ್ಟಿನ ವಿಂಡೋಸ್ ಮೊಬೈಲ್, ಕಡ್ಡಿಯಲ್ಲಿ ಬರೆಯುವ ಪಾಮ್, ಇಮೇಲಿಗೆ ಹೆಸರಾದ ಬ್ಲ್ಯಾಕ್‌ಬೆರಿ. ಈ ನಾಲ್ಕರಲ್ಲಿ ಒಂದೂ ಇಂದು ಫೋನುಗಳಲ್ಲಿ ಉಳಿದಿಲ್ಲ.

ಅಲ್ ಜಝೀರಾ ಸುದ್ದಿವಾಹಿನಿ ಕತಾರಿನ ರಾಜಧಾನಿ ದೋಹಾದಿಂದ ಮೊದಲ ಬಾರಿಗೆ ಪ್ರಸಾರ ಶುರು ಮಾಡಿದ್ದು ನಮ್ಮ ರಾಜ್ಯೋತ್ಸವದ ದಿನ, 1996ರ ನವೆಂಬರ್ 1. ಅದೇ ವರ್ಷ ಪಾಮ್ ಪೈಲಟ್ ಬಂತು, ಅದೇ ವರ್ಷ ಮೈಕ್ರೋಸಾಫ್ಟಿನ ವಿಂಡೋಸ್ ಸಿಇ ಬಂತು, ಅದೇ ವರ್ಷ ನೋಕಿಯಾದ ಮೊದಲ ಕಮ್ಯುನಿಕೇಟರ್ ಬಂತು. ಅಂಗೈ ಕಂಪ್ಯೂಟರುಗಳ ಕಾಳಗ ಶುರುವಾದ ವರ್ಷ ಯಾವುದು ಎಂದು ಕೇಳಿದರೆ ನಾನು 1996 ಎನ್ನುತ್ತೇನೆ.

ಪಾಮ್ ಪೈಲಟ್ ರೂಪಿಸಿದ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮೊದಲೇ ಅದೇ ಅಳತೆಯ ಮರದ ತುಂಡೊಂದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಮರದ ತುಂಡು ತೆಗೆದು ಅದರ ಮೇಲೆ ಕಡ್ಡಿಯಾಡಿಸಿ ಬರೆದುಕೊಂಡಂತೆ ಮಾಡುತ್ತಿದ್ದರು. ಜೇಬಿಗೆ ಹಿಡಿಯುತ್ತದೋ, ಕೈಗೆ ಒಗ್ಗುತ್ತದೋ ಎಂದು ನೋಡಿಕೊಂಡ ಬಗೆ ಅದು. ಆ ಪಾಮ್ ಕಂಪನಿಯ ಕೊನೆಯ ಓಎಸ್ ಆದ ವೆಬ್‌ಓಎಸ್ ಫೋನುಗಳಲ್ಲಿ ಸೋತು, ಎಲ್‌ಜಿ ಕೈಸೇರಿತು. ನಿಮ್ಮ ಮನೆಯ ಗೋಡೆಯ ಮೇಲೆ ಎಲ್‌ಜಿ ಸ್ಮಾರ್ಟ್ ಟಿವಿ ಇದ್ದರೆ, ಪಾಮ್‌ನ ಮೊಮ್ಮಗ ಅಲ್ಲಿದ್ದಾನೆ.

ಗಲ್ಫಿನಿಂದ ತಂದ ಹಳೆಯ ನೋಕಿಯಾ ಫೋನು ಮನೆಯ ಕಪಾಟಿನಲ್ಲಿ ಇದೆಯೇ? ಇದ್ದರೆ ಒಮ್ಮೆ ತೆಗೆದು ನೋಡಿ. ನಮ್ಮ ದೊಡ್ಡಪ್ಪ ದೋಹಾದಿಂದ ರಜೆಗೆ ಬಂದಾಗ ತಂದ ಫೋನು ಇಂದೂ ನನ್ನ ಹತ್ತಿರ ಇದೆ. ಅದರ 2ನೇ ಗುಂಡಿಯ ಮೇಲೆ ಎ, ಬಿ, ಸಿ ಜೊತೆಗೆ ಅರಬ್ಬಿಯ ಬಾ, ತಾ, ಥಾ ಇವೆ. ಹಾಗಾದರೆ ಅರಬ್ಬಿಯ ಮೊದಲ ಅಕ್ಷರ ಅಲಿಫ್ ಎಲ್ಲಿ? ಅದು 3ರ ಮೇಲಿದೆ! ಅರಬ್ಬಿ ಬರೆಯುವುದು ಬಲದಿಂದ ಎಡಕ್ಕೆ. ಆದ್ದರಿಂದ ಗುಂಡಿಗಳ ಮೇಲೂ ಅಕ್ಷರಗಳು 3ರಿಂದ 2ಕ್ಕೆ, ಮುಂದಿನ ಸಾಲಿನಲ್ಲಿ 6, 5, 4, ಆಮೇಲೆ 9, 8, 7 ಎಂದು ಹಿಂದುಹಿಂದಕ್ಕೆ ನಡೆಯುತ್ತವೆ. ಒಂದೇ ಹನ್ನೆರಡು ಗುಂಡಿಗಳ ಮೇಲೆ ಇಂಗ್ಲಿಷ್ ಒಂದು ದಿಕ್ಕಿಗೆ, ಅರಬ್ಬಿ ಇನ್ನೊಂದು ದಿಕ್ಕಿಗೆ. ಚಿಕ್ಕವನಿದ್ದಾಗ ಅದನ್ನು ಬರೀ ಅಲಂಕಾರ ಎಂದುಕೊಂಡಿದ್ದೆ. ಒಂದು ಭಾಷೆಯವರ ಸಂತೆಗೆ ಹೋಗುವವನು ಆ ಭಾಷೆಯ ನಡಿಗೆಯನ್ನೂ ಕಲಿತಿರಬೇಕು ಎಂಬುದನ್ನು ನೋಕಿಯಾ ಚೆನ್ನಾಗಿ ಅರಿತಿತ್ತು.

ಅರಬ್ಬಿ ಅಕ್ಷರ ಇಲ್ಲದ ಫೋನು ಸಿಕ್ಕಿದ ಯುವಕರು ಏನು ಮಾಡಿದರು ಗೊತ್ತೇ? ಇಂಗ್ಲಿಷ್ ಅಕ್ಷರಗಳಲ್ಲೇ ಅರಬ್ಬಿ ಬರೆದರು. ಇಂಗ್ಲಿಷಿನಲ್ಲಿ ಇಲ್ಲದ ಉಚ್ಚಾರಗಳಿಗೆ ಅಂಕಿಗಳನ್ನು ಹಾಕಿದರು: ‘ಐನ್’ ಎಂಬ ಗಂಟಲಿನ ವ್ಯಂಜನಕ್ಕೆ 3, ಗಟ್ಟಿ ಹಕಾರಕ್ಕೆ 7, ಖಕಾರಕ್ಕೆ 5. 3 ಮತ್ತು 7ಕ್ಕೆ ಆಯಾ ಅಕ್ಷರಗಳೊಂದಿಗೆ ಆಕಾರದಲ್ಲಿ ಹೋಲಿಕೆ ಇದೆ. ಇದಕ್ಕೆ ಅರಬೀಝಿ ಎಂದು ಹೆಸರೂ ಬಂತು. ನಾವು ಕನ್ನಡಿಗರು ಅದೇ ದಿನಗಳಲ್ಲಿ ‘ಊಟ ಆಯ್ತಾ’ ಎಂಬುದನ್ನು ಇಂಗ್ಲಿಷ್ ಲಿಪಿಯಲ್ಲಿ ಒತ್ತುತ್ತಿದ್ದೆವು. ಎರಡೂ ಭಾಷೆಗೆ ಬಂದದ್ದು ಒಂದೇ ಕಷ್ಟ. ಎಷ್ಟೋ ಮಂದಿಗೆ ಆ ರೂಢಿ ಇಂದಿಗೂ ಬಿಟ್ಟಿಲ್ಲ.

ಸ್ವಲ್ಪ ದೋಹಾ ಮೊಬೈಲ್ ಪುರಾಣ: ಕತಾರಿನಲ್ಲಿ ಬಹಳ ಕಾಲ ಇದ್ದದ್ದು ಕ್ಯೂಟೆಲ್ ಎಂಬ ಒಂದೇ ಮೊಬೈಲ್ ಕಂಪನಿ. 2009ರಲ್ಲಿ ವೊಡಾಫೋನ್ ಬಂದು ಏಕಸ್ವಾಮ್ಯ ಮುರಿಯಿತು. 2013ರಲ್ಲಿ ಕ್ಯೂಟೆಲ್ ಹೆಸರು ಊರೀದೂ ಎಂದಾಯಿತು. ಅರಬ್ಬಿಯಲ್ಲಿ ಅದರ ಅರ್ಥ ‘ನನಗೆ ಬೇಕು’. ಹೊಸದಾಗಿ ದೋಹಾಕ್ಕೆ ಬಂದ ಕನ್ನಡಿಗರ ಕಿವಿಗೆ ಮಾತ್ರ ಅದರಲ್ಲಿ ‘ಊರು’ ಕೇಳಿಸುತ್ತದೆ. 2018ರ ಮೇ ತಿಂಗಳಲ್ಲಿ ಇದೇ ಊರೀದೂ 5ಜಿ ಜಾಲವನ್ನು ವಾಣಿಜ್ಯ ಬಳಕೆಗೆ ತೆರೆದು, ಜಗತ್ತಿನಲ್ಲೇ ಮೊದಲು ಎಂದು ಸಾರಿತು. ಇನ್ನೊಂದು: ಕತಾರಿನ ದೂರವಾಣಿ ಸಂಕೇತ 974. 2022ರ ಫುಟ್‌ಬಾಲ್ ವಿಶ್ವಕಪ್‌ಗಾಗಿ ಕಟ್ಟಿದ ಕ್ರೀಡಾಂಗಣ 974ಕ್ಕೆ ಬಳಸಿದ ಹಡಗಿನ ಕಂಟೇನರುಗಳೂ 974.

ಬ್ಲ್ಯಾಕ್‌ಬೆರಿಯ ಕಥೆಯಲ್ಲಿ ಗಲ್ಫಿನದು ದೊಡ್ಡ ಪಾತ್ರ. ಬ್ಲ್ಯಾಕ್‌ಬೆರಿ ಮೆಸೆಂಜರ್, ಅಂದರೆ ಬಿಬಿಎಂ, ಗಲ್ಫಿನ ಯುವಜನರಿಗೆ ಹುಚ್ಚು ಹಿಡಿಸಿತ್ತು. ಫೋನ್ ನಂಬರು ಕೊಡದೆಯೇ ಬರೀ ಪಿನ್ ಕೊಟ್ಟು ಹರಟಬಹುದಿತ್ತು. ಸಂದೇಶಗಳು ಗುಪ್ತಲಿಪಿಯಲ್ಲಿ ಹೊರದೇಶದ ಸರ್ವರುಗಳಿಗೆ ಹೋಗುತ್ತವೆ, ತಮ್ಮ ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಸರಕಾರಗಳ ತಕರಾರು. 2010ರ ಆಗಸ್ಟಿನಲ್ಲಿ ಯುಎಇ ಬ್ಲ್ಯಾಕ್‌ಬೆರಿ ಸೇವೆ ನಿಲ್ಲಿಸುವುದಾಗಿ ಹೇಳಿತು, ಸೌದಿ ಕೂಡ ಹಾಗೆಯೇ ಗುಡುಗಿತು, ಭಾರತ ಸರಕಾರ ತಿಂಗಳ ಕೊನೆಯ ಗಡುವು ಕೊಟ್ಟಿತು. ಕತಾರ್ ಆ ಹಾದಿ ಹಿಡಿಯಲಿಲ್ಲ.

ಮರುವರ್ಷ, 2011ರ ಅಕ್ಟೋಬರಿನಲ್ಲಿ, ಬೇರೆಯೇ ಪೆಟ್ಟು ಬಿತ್ತು. ಇಂಗ್ಲೆಂಡಿನ ಸ್ಲೌ ಎಂಬ ಊರಿನ ಕೇಂದ್ರದಲ್ಲಿ ತೊಡಕಾಗಿ, ಯುರೋಪ್, ಗಲ್ಫ್, ಆಫ್ರಿಕಾ, ಭಾರತದ ಬ್ಲ್ಯಾಕ್‌ಬೆರಿಗಳು ಮೂರು ದಿನ ಮೂಕವಾದವು. ದುಬೈ ಮತ್ತು ಅಬುಧಾಬಿಯ ಪೊಲೀಸರು ಆ ದಿನಗಳಲ್ಲಿ ರಸ್ತೆ ಅಪಘಾತ ಇಳಿದಿದೆ ಎಂದು ಹೇಳಿದ್ದು ಪತ್ರಿಕೆಗಳಲ್ಲಿ ಬಂತು. ಸ್ಟಿಯರಿಂಗ್ ಹಿಡಿದ ಕೈಯಲ್ಲಿ ಬಿಬಿಎಂ ಎಷ್ಟಿತ್ತು ಎಂದು ನೀವೇ ಲೆಕ್ಕ ಹಾಕಿ.

ಇನ್ನು ಈ ಅಂಕಣದ ಅತ್ಯಂತ ಅಚ್ಚರಿಯ ಸಂಗತಿ. ಬ್ಲ್ಯಾಕ್‌ಬೆರಿಯನ್ನು ಉಳಿಸಲು ಕತಾರಿನ ಹಣ ಹೋಗಿತ್ತು! 2013ರ ನವೆಂಬರಿನಲ್ಲಿ ಕಂಪನಿಯನ್ನು ಪೂರ್ತಿ ಮಾರುವ ಯೋಜನೆ ಬಿದ್ದುಹೋಯಿತು. ಅದರ ಬದಲಿಗೆ ಕೆನಡಾದ ಫೇರ್‌ಫ್ಯಾಕ್ಸ್ ಮುಂದಾಳುತನದಲ್ಲಿ 100 ಕೋಟಿ ಡಾಲರ್ ಸಾಲಪತ್ರಗಳ ಮೂಲಕ ಎತ್ತಲಾಯಿತು. ಹಣ ಹಾಕಿದವರ ಪಟ್ಟಿಯಲ್ಲಿ ಕತಾರ್ ಹೋಲ್ಡಿಂಗ್ ಕೂಡ ಇತ್ತು. ನೈಸರ್ಗಿಕ ಅನಿಲ ಮಾರಿ ಬಂದ ಸಂಪತ್ತಿನಿಂದ ಬೆಳೆದ ದೇಶದ ನಿಧಿಯೊಂದು, ಐಫೋನ್ ಮತ್ತು ಆಂಡ್ರಾಯ್ಡ್ ಎದುರು ಕುಸಿಯುತ್ತಿದ್ದ ಮೂರನೆಯ ಓಎಸ್ ಕಂಪನಿಯ ಬೆನ್ನಿಗೆ ನಿಂತಿತ್ತು. ಕಂಪನಿ ಬದುಕಿತು, ತಂತ್ರಾಂಶ ಭದ್ರತೆಯ ಕಡೆ ತಿರುಗಿತು. ಓಎಸ್ ಬದುಕಲಿಲ್ಲ. ಬಿಬಿಎಂ 2019ರ ಮೇ 31ಕ್ಕೆ ಮುಚ್ಚಿತು. ಹಳೆಯ ಬ್ಲ್ಯಾಕ್‌ಬೆರಿಗಳಿಗೆ ಕೊನೆಯ ದಿನ 2022ರ ಜನವರಿ 4. ಆ ವರ್ಷದ ಕೊನೆಯಲ್ಲಿ ವಿಶ್ವಕಪ್ ನೋಡಲು ದೋಹಾಕ್ಕೆ ಬಂದವರ ಕೈಯಲ್ಲಿದ್ದದ್ದು ಎರಡೇ ಬಣದ ಫೋನು.

ಕಾಳಗದ ಉಳಿದ ಮೃತರನ್ನು ಬೇಗ ಎಣಿಸಿಬಿಡೋಣ. ನೋಕಿಯಾ 2011ರ ಫೆಬ್ರುವರಿಯಲ್ಲಿ ಸಿಂಬಿಯನ್ ಬಿಟ್ಟು ಮೈಕ್ರೋಸಾಫ್ಟಿನ ಕೈಹಿಡಿಯಿತು, 2014ರಲ್ಲಿ ಫೋನ್ ವಿಭಾಗವನ್ನೇ ಅದಕ್ಕೆ ಮಾರಿತು. ಸಿಂಬಿಯನ್ ನೋಕಿಯಾಗಳಲ್ಲಿ ವಾಟ್ಸಾಪ್ ನಿಂತದ್ದು 2017ರ ಜೂನ್ 30ಕ್ಕೆ. ವಿಂಡೋಸ್ ಫೋನುಗಳಲ್ಲಿ ನಿಂತದ್ದು 2019ರ ಡಿಸೆಂಬರ್ 31ಕ್ಕೆ. ಊರಿನ ಸುದ್ದಿ ವಾಟ್ಸಾಪಿನಲ್ಲೇ ತಿಳಿಯುವ ಗಲ್ಫಿನ ಕಾರ್ಮಿಕನಿಗೆ, ವಾಟ್ಸಾಪ್ ಓಡದ ಫೋನು ಫೋನೇ ಅಲ್ಲ. ನನ್ನ ಪ್ರಕಾರ ಆ ಓಎಸ್‌ಗಳ ನಿಜವಾದ ಮರಣದಿನಾಂಕ ಇವೇ, ಕಂಪನಿಗಳು ಪ್ರಕಟಿಸಿದ ದಿನಾಂಕಗಳಲ್ಲ.

ಬೆಂಗಳೂರು ಈ ಕಾಳಗದಲ್ಲಿ ಬರೀ ಪ್ರೇಕ್ಷಕ ಅಲ್ಲ ಎಂಬುದು ಎಷ್ಟು ಮಂದಿಗೆ ನೆನಪಿದೆ? ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್ಕೋರ್ ಸಾಫ್ಟ್‌ವೇರ್ ಜೊತೆ ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. ಸಾಮಾನ್ಯ ಜನರ ಅಂಗೈಗೆ ಕಂಪ್ಯೂಟರ್ ಕೊಡುವುದು ಅವರ ಗುರಿ. ಒಳಗೆ ಓಡುತ್ತಿದ್ದದ್ದು ಲಿನಕ್ಸ್, ಅಂದರೆ ಯಾರ ಸ್ವತ್ತೂ ಅಲ್ಲದ ಓಎಸ್. ಆಂಡ್ರಾಯ್ಡ್ ನಿಂತಿರುವುದೂ ಇದೇ ಲಿನಕ್ಸಿನ ತಿರುಳಿನ ಮೇಲೆ ಎಂಬುದನ್ನು ಮರೆಯಬೇಡಿ. ಓದು ಬಾರದವರಿಗಾಗಿ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಅದಕ್ಕಾಗಿ ತಯಾರಾಯಿತು. ಅದು ಮೊದಲು ಕಲಿತ ಭಾಷೆಗಳಲ್ಲಿ ಕನ್ನಡವೂ ಒಂದು. ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲಿ ಎಂದು ಸ್ಮಾರ್ಟ್ ಕಾರ್ಡಿನ ಸೌಕರ್ಯವಿತ್ತು. 2004ರಲ್ಲಿ ಬೆಂಗಳೂರಿನ ಬಿಇಎಲ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದರ ಆರಂಭದ ಬೆಲೆ 9,950 ರೂಪಾಯಿ. ಕೈ ಓರೆ ಮಾಡಿದರೆ ಅದನ್ನು ಗ್ರಹಿಸುವ ಸಂವೇದಕ ಅದರಲ್ಲಿತ್ತು, ಅದೂ ಐಫೋನ್ ಬರುವ ಮೂರು ವರ್ಷ ಮೊದಲು!

50,000 ಮಾರುವ ಆಸೆಯಿತ್ತು, ಹೋದದ್ದು ಸುಮಾರು 4,000. ಬೆಲೆ ಹಳ್ಳಿಯವನಿಗೆ ಹೆಚ್ಚಾಯಿತು, ಪೇಟೆಯವನ ಕೈಗೆ ಆ ಹೊತ್ತಿಗೆ ಅಗ್ಗದ ಮೊಬೈಲು ಬಂದಿತ್ತು. ಅದನ್ನು ಸೋಲು ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಅಂಗೈ ಕಂಪ್ಯೂಟರ್ ಕನ್ನಡ ಮಾತಾಡಬೇಕು ಎಂದು ಯಾರೂ ಕೇಳದಿದ್ದ ಕಾಲದಲ್ಲಿ ಅವರು ಅದನ್ನು ಮಾತಾಡಿಸಿ ತೋರಿಸಿದರು. ಬಿಇಎಲ್‌ಗೂ ಆ ಅನುಭವ ಇತ್ತು. 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿಗೆ ಮನೆಮನೆಗೆ ಹೋದ ಟ್ಯಾಬ್ಲೆಟ್‌ಗಳನ್ನು ತಯಾರಿಸಿದ್ದೂ ಅದೇ ಸಂಸ್ಥೆ.

ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಪತ್ರಿಕೆ ತೆರೆದರೆ ಬರೀ ಚೌಕ ಚೌಕ ಡಬ್ಬಿಗಳು ಕಾಣುತ್ತಿದ್ದ ದಿನಗಳು ನೆನಪಿವೆಯೇ? 2010, 2011ರ ಮಾತು. ದೋಹಾದ ನಮ್ಮ ಕೋಣೆಯಲ್ಲಿ ಆರು ಮಂದಿ ಇದ್ದೆವು. ಶುಕ್ರವಾರ ಬೆಳಗ್ಗೆ ಊರಿನ ಸುದ್ದಿ ಓದುವ ಆಸೆ, ಓದಲು ಲ್ಯಾಪ್‌ಟಾಪ್ ಇಲ್ಲ. ಆಗ ಒಬ್ಬರು ಒಂದು ಉಪಾಯ ಕಲಿತು ಬಂದರು. ಒಪೆರಾ ಮಿನಿ ಎಂಬ ಬ್ರೌಸರ್ ತೆರೆಯಬೇಕು, ವಿಳಾಸ ಬರೆಯುವ ಜಾಗದಲ್ಲಿ ‘ಒಪೆರಾ’ ಬರೆದು, ವಿಸರ್ಗದಂಥ ಎರಡು ಚುಕ್ಕಿ ಇಟ್ಟು, ‘ಕಾನ್ಫಿಗ್’ ಎಂದು ಒತ್ತಬೇಕು. ಒಂದು ಪಟ್ಟಿ ಬರುತ್ತದೆ. ಕೆಳಗೆ ಹೋದರೆ, ಕ್ಲಿಷ್ಟ ಲಿಪಿಗಳಿಗೆ ಬಿಟ್‌ಮ್ಯಾಪ್ ಅಕ್ಷರ ಬಳಸಲೇ ಎಂಬ ಪ್ರಶ್ನೆ. ಅದಕ್ಕೆ ‘ಹೌದು’ ಎಂದು ಆರಿಸಿ ಉಳಿಸಿದರೆ ಸಾಕು, ದೂರದ ಸರ್ವರು ಕನ್ನಡವನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಆರು ಫೋನುಗಳಲ್ಲಿ ಒಂದೊಂದಾಗಿ ಕನ್ನಡ ಮೂಡಿದ ಆ ಬೆಳಗ್ಗೆ ತಿಂಡಿ ತಣ್ಣಗಾದದ್ದು ಯಾರಿಗೂ ಗೊತ್ತಾಗಲಿಲ್ಲ.

ಆ ಚೌಕ ಡಬ್ಬಿಗಳಿಗೆ ಕಾರಣ ಇಷ್ಟೇ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಫೋನಿನೊಳಗೆ ಕನ್ನಡದ ಫಾಂಟ್ ಇರಬೇಕು, ಒತ್ತಕ್ಷರವನ್ನು ಕೆಳಗೆ ಕೂರಿಸುವ, ಅರ್ಕಾವತ್ತನ್ನು ಬಲಕ್ಕೆ ತಳ್ಳುವ ಜಾಣತನವೂ ಇರಬೇಕು. ಫಾಂಟ್ ಇಲ್ಲದಿದ್ದರೆ ಡಬ್ಬಿ. ಫಾಂಟ್ ಇದ್ದು ಜಾಣತನ ಇಲ್ಲದಿದ್ದರೆ ‘ಕನ್ನಡ’ ಎಂಬ ಹೆಸರೇ ಒಡೆದು ಚೂರಾಗುತ್ತದೆ. ಅರಬ್ಬಿಯವರ ಕಷ್ಟವೂ ಹೀಗೇ. ಅವರ ಅಕ್ಷರಗಳು ಕೈಕೈ ಹಿಡಿದು ನಡೆಯಬೇಕು, ಇಲ್ಲವಾದರೆ ಬಿಡಿಬಿಡಿಯಾಗಿ, ಕೆಲವೊಮ್ಮೆ ತಿರುಗಾಮುರುಗಾ ನಿಲ್ಲುತ್ತವೆ.

ಈಗ ಎರಡು ಬಣಗಳನ್ನು ಈ ಒಂದು ತಕ್ಕಡಿಯಲ್ಲಿ ತೂಗಿ ನೋಡಿ. ಐಫೋನ್ ಪರದೆಯ ಭಾಷೆಗಳಲ್ಲಿ ಅರಬ್ಬಿ ಸೇರಿದ್ದು 2009ರಲ್ಲಿ. ಪರದೆಯೇ ಕನ್ನಡಿಯಂತೆ ತಿರುಗಿ ಬಲದಿಂದ ಎಡಕ್ಕೆ ನಡೆಯಲು ಕಲಿತದ್ದು 2015ರ ಐಓಎಸ್ 9ರಲ್ಲಿ. ಆಂಡ್ರಾಯ್ಡ್ ಆ ತಿರುವನ್ನು 2012ರ 4.2 ಆವೃತ್ತಿಯಲ್ಲೇ ಕಲಿತಿತ್ತು. ಕನ್ನಡದ ಸರದಿ ನೋಡಿ: 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡಿತು. 2014ರ ಆಂಡ್ರಾಯ್ಡ್ 5ರಲ್ಲಿ ಇಡೀ ಫೋನಿನ ಪರದೆಯನ್ನೇ ಕನ್ನಡಕ್ಕೆ ಬದಲಿಸಬಹುದಾಯಿತು. ಐಫೋನಿನಲ್ಲಿ ಆಪಲ್‌ನದೇ ಕನ್ನಡ ಕೀಲಿಮಣೆ ಬಂದದ್ದು 2017ರ ಐಓಎಸ್ 11ರಲ್ಲಿ. ಪರದೆಯ ಭಾಷೆಯಾಗಿ ಕನ್ನಡ ಬಂದದ್ದು? 2025ರ ಐಓಎಸ್ 18.4ರಲ್ಲಿ! ಆಂಡ್ರಾಯ್ಡ್ ಕೊಟ್ಟು ಹತ್ತು ವರ್ಷ ದಾಟಿದ ಮೇಲೆ. ಐಫೋನ್ ಎಷ್ಟೇ ಚಂದವಿರಲಿ, ಈ ವಿಷಯದಲ್ಲಿ ಗೆದ್ದದ್ದು ಆಂಡ್ರಾಯ್ಡ್ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಗೂಗಲ್ 2017ರ ಆಗಸ್ಟಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಬರೆದುಕೊಳ್ಳುವ ಸೌಕರ್ಯವನ್ನೂ ಕೊಟ್ಟಿತು. ಅಕ್ಷರ ಹುಡುಕಲು ಕಣ್ಣು ಸಾಲದ ನನ್ನ ಅಮ್ಮ ಅಂದಿನಿಂದ ಉದ್ದುದ್ದ ಸಂದೇಶ ಕಳಿಸತೊಡಗಿದರು.

ಒಂದೇ ಒಂದು ಅಕ್ಷರ ಐಫೋನನ್ನು ಕೆಡವಿದ ಸಂಗತಿ ಗೊತ್ತೇ? 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಬಂದ ಸಂದೇಶ ತೆರೆದರೆ ಐಫೋನಿನ ಆಪ್‌ಗಳು ಕುಸಿಯುತ್ತಿದ್ದವು. ಆಪಲ್ ಅವಸರದಲ್ಲಿ 11.2.6 ಆವೃತ್ತಿ ಕಳಿಸಿ ಸರಿಪಡಿಸಿತು. 2015ರ ಮೇ ತಿಂಗಳಲ್ಲಿ ಇದೇ ಕೆಲಸ ಮಾಡಿದ್ದು ಅರಬ್ಬಿ ಅಕ್ಷರಗಳಿದ್ದ ಒಂದು ಸಂದೇಶ. ನಮ್ಮ ಲಿಪಿಗಳನ್ನು ಕೂಡಿಸಿ ಬರೆಯುವುದು ಎಷ್ಟು ಸೂಕ್ಷ್ಮದ ಕೆಲಸ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಫೋನಿನ ಓಎಸ್ ಹಳೆಯದಾದರೆ ಅಂಗಡಿಯ ಬಾಗಿಲು ದಾಟಲಾಗದ ಕಾಲವೊಂದಿತ್ತು. 2020ರ ಮೇ 22ರಿಂದ ಕತಾರಿನಲ್ಲಿ ಮನೆಯಿಂದ ಹೊರಬಂದವರ ಫೋನಿನಲ್ಲಿ ‘ಎಹ್ತೆರಾಝ್’ ಎಂಬ ಕೋವಿಡ್ ಆಪ್ ಇರಲೇಬೇಕು ಎಂದಾಯಿತು. ತಪ್ಪಿದರೆ ಎರಡು ಲಕ್ಷ ರಿಯಾಲ್ ತನಕ ದಂಡ, ಮೂರು ವರ್ಷ ತನಕ ಸೆರೆ. ಆಪ್‌ನಲ್ಲಿ ಹಸಿರು ಬಣ್ಣದ ಚೌಕ ಕಂಡರೆ ಒಳಗೆ ಬಿಡುತ್ತಿದ್ದರು, ಕೆಂಪಾದರೆ ಸೋಂಕು, ಹಳದಿಯಾದರೆ ಪ್ರತ್ಯೇಕವಾಸ. ಗುಂಡಿ ಫೋನು ಇದ್ದವರಿಗೆ, ತೀರಾ ಹಳೆಯ ಆವೃತ್ತಿಯ ಫೋನು ಇದ್ದವರಿಗೆ ಬೇರೆ ದಾರಿಯಿರಲಿಲ್ಲ. ಸಂಬಳ ತಡವಾದ ಆ ತಿಂಗಳುಗಳಲ್ಲಿ ಕೈಸಾಲ ಮಾಡಿ ಹೊಸ ಆಂಡ್ರಾಯ್ಡ್ ಕೊಂಡ ಕಾರ್ಮಿಕರನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಆಪ್‌ನಲ್ಲಿದ್ದ ದೋಷದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರ ವಿವರ ಪರರ ಕೈಗೆ ಸಿಗಬಹುದಿತ್ತು ಎಂದು ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಎಚ್ಚರಿಸಿತು. ಕತಾರ್ ಕೂಡಲೇ ಸರಿಪಡಿಸಿತು.

2022ರ ವಿಶ್ವಕಪ್‌ನಲ್ಲಿ ಟಿಕೆಟ್ ಕೂಡ ಫೋನಿನಲ್ಲೇ. ನವೆಂಬರ್ 21ರಂದು ಖಲೀಫಾ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ಮತ್ತು ಇರಾನ್ ಪಂದ್ಯಕ್ಕೆ ಬಂದ ಅನೇಕರ ಆಪ್‌ನಿಂದ ಟಿಕೆಟೇ ಮಾಯವಾಗಿ ಬಾಗಿಲಲ್ಲಿ ಪರದಾಡಿದರು. ಹಣ ಪಾವತಿಯಲ್ಲೂ ಪೈಪೋಟಿ ನಡೆದಿತ್ತು: ಆಪಲ್ ಪೇ ಕತಾರಿಗೆ 2021ರ ಆಗಸ್ಟಿನಲ್ಲಿ ಬಂದರೆ, ಗೂಗಲ್ ಪೇ ಬಂದದ್ದು 2022ರ ಆಗಸ್ಟಿನಲ್ಲಿ, ವಿಶ್ವಕಪ್‌ಗೆ ಮೂರು ತಿಂಗಳಿರುವಾಗ. ಅತ್ತ ಭಾರತದಲ್ಲಿ ಅದೇ ವರ್ಷದ ಅಕ್ಟೋಬರ್ 20ರಂದು ಸ್ಪರ್ಧಾ ಆಯೋಗ, ಆಂಡ್ರಾಯ್ಡ್ ಬಲವನ್ನು ದುರುಪಯೋಗ ಮಾಡಿದ್ದಕ್ಕೆ ಗೂಗಲ್ ಮೇಲೆ 1,337.76 ಕೋಟಿ ರೂಪಾಯಿ ದಂಡ ಹಾಕಿತು.

ಕೊನೆಯದಾಗಿ, ಕತಾರ್ ಕನ್ನಡಿಗರು ಗಮನಿಸಬೇಕಾದ ಒಂದು ಮಾತು. ಅಲ್ಲಿನ ಆಂತರಿಕ ಸಚಿವಾಲಯದ ‘ಮೆಟ್ರಾಶ್2’ ಆಪ್ ಇಲ್ಲದೆ ವಲಸಿಗನ ಬದುಕೇ ಇಲ್ಲ ಎನ್ನುವಂತಿತ್ತು. ವಾಸದ ಪರವಾನಗಿ, ಸಂಚಾರ ದಂಡ, ಎಲ್ಲಕ್ಕೂ ಅದೇ. ಅದು ಆರು ಭಾಷೆಗಳಲ್ಲಿತ್ತು: ಅರಬ್ಬಿ, ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಶ್, ಉರ್ದು ಮತ್ತು ನಮ್ಮ ನೆರೆಯ ಮಲಯಾಳ. ಮಲಯಾಳಿಗಳು ಅಲ್ಲಿ ಬಹುಸಂಖ್ಯೆಯಲ್ಲಿದ್ದಾರೆ ನಿಜ. ಆದರೆ ನಾವೂ ಕಡಿಮೆಯಿಲ್ಲ. ಕರ್ನಾಟಕ ಸಂಘ ಕತಾರ್ ಇದೆ, ತುಳುಕೂಟ ಇದೆ, ಬಂಟ್ಸ್ ಕತಾರ್ ಇದೆ, ದಕ್ಷಿಣ ಕನ್ನಡದ ಮುಸ್ಲಿಮರ ಸಂಘ ಇದೆ. ಇವರೆಲ್ಲ ಒಟ್ಟಾಗಿ ಒಂದು ಮನವಿ ಬರೆದು, ಸಚಿವಾಲಯದ ಈಗಿನ ಆಪ್‌ನಲ್ಲಿ ಕನ್ನಡವೂ ಬೇಕು ಎಂದು ಕೇಳಬಹುದು.

ಕೇಳುವ ಮೊದಲು ನಾವು ಮಾಡಬಹುದಾದದ್ದೂ ಇದೆ. ಆಂಡ್ರಾಯ್ಡ್ ಇದ್ದರೆ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಮೇಲಕ್ಕೆ ಎಳೆಯಿರಿ. ಐಫೋನ್ ಇದ್ದರೆ ಮೊದಲು 18.4 ಅಥವಾ ಅದಕ್ಕಿಂತ ಹೊಸ ಆವೃತ್ತಿ ಹಾಕಿಕೊಳ್ಳಿ, ಆಮೇಲೆ ಸೆಟ್ಟಿಂಗ್ಸ್, ಜನರಲ್, ಲ್ಯಾಂಗ್ವೇಜ್ ಅಂಡ್ ರೀಜನ್. ಎರಡು ನಿಮಿಷದ ಕೆಲಸ. ಮೊದಲ ವಾರ ಪದಗಳು ಹೊಸದೆನಿಸುತ್ತವೆ, ಬಿಡಬೇಡಿ. ದೋಹಾದಲ್ಲಿರುವ ಗೆಳೆಯರಿಗೂ ಇದನ್ನು ಕನ್ನಡದಲ್ಲೇ ಬರೆದು ಕಳಿಸಿ.